ಬನದ ಹುಣ್ಣಿಮೆಯ ದಿನ ಗಿಡ ಬೋಳಿಸಿದ್ದು

2024ರ ಜನವರಿ 25, ಗುರುವಾರ. ಬೆಳಿಗ್ಗೆ ಒಂಬತ್ತು ಗಂಟೆ. ಆಫೀಸಿಗೆ ಅರ್ಧ ದಿನ ರಜೆ ಹಾಕಿ, ಬಾಲ್ಕನಿಯಲ್ಲಿ ಕೂತು ಒಂದು ಗಿಡದ ಎಲೆಗಳನ್ನು ಕೀಳುತ್ತಿದ್ದೆ. ಹಣ್ಣೆಲೆ ಅಲ್ಲ, ಒಣಗಿದ ಎಲೆಯೂ ಅಲ್ಲ. ಚೆನ್ನಾಗಿರೋ ಹಸಿರೆಲೆ. ಒಂದನ್ನೂ ಉಳಿಸುವ ಹಾಗಿರಲಿಲ್ಲ. ಅಷ್ಟರಲ್ಲಿ ಬಾದಾಮಿಯಿಂದ ಅವ್ವನ ವಿಡಿಯೋ ಕಾಲ್ ಬಂತು. ಅಲ್ಲಿ ಇನ್ನೂ ಏಳೂವರೆ.

"ಏನ ಮಾಡಾಕತ್ತೀವ್ವಾ?"

"ಎಲಿ ಕೀಳಾಕತ್ತೀನಿ."

"ಯಾಕ, ಹುಳ ಬಿದ್ದೈತೇನು?"

"ಇಲ್ಲ. ಗಿಡ ಚೊಲೋನ ಐತಿ."

"ಮತ್ತ?"

ಆ 'ಮತ್ತ'ಕ್ಕೆ ಉತ್ತರ ಹೇಳಬೇಕಾದರೆ ಒಂದು ವರ್ಷ ಹಿಂದೆ ಹೋಗಬೇಕು.

ನಾನು, ನನ್ನ ಗಂಡ ಇಬ್ಬರೂ ಕೆಲಸದ ಮೇಲೆ ವಿಯೆಟ್ನಾಮಿನ ಹೋ ಚಿ ಮಿನ್ ನಗರಕ್ಕೆ ಬಂದವರು. ಇಲ್ಲಿನ ಜನ ಈಗಲೂ ಸೈಗಾನ್ ಅಂತಲೇ ಕರೆಯುತ್ತಾರೆ. ನಮ್ಮ ಬಾಡಿಗೆ ಮನೆ ಇರೋದು ಥು ಡುಕ್ ಕಡೆ. ಕೆಳಗೆ ಮಾಲೀಕರು, ಮೇಲೆ ನಾವು. ಮಾಲೀಕರನ್ನು 'ಚೂ ಬಾ' ಅಂತ ಕರೀತೀವಿ. 'ಚೂ' ಅಂದರೆ ಚಿಕ್ಕಪ್ಪ, 'ಬಾ' ಅಂದರೆ ಮೂರು. ಆದರೆ ಅವರು ಮನೆಯ ಎರಡನೇ ಮಗ! ಇಲ್ಲಿ ದಕ್ಷಿಣದವರು ಮೊದಲ ಮಗುವನ್ನೇ 'ಎರಡು' ಅಂತ ಕರೀತಾರೆ, 'ಒಂದು' ಅನ್ನೋ ಮಗುವೇ ಇರಲ್ಲ. ನಾನು ಫೋನಿನಲ್ಲಿ ಮಾತಾಡುತ್ತಲೇ "ಚೂ ಬಾ!" ಅಂತ ಕೂಗಿದ್ದು ಕೇಳಿ ಅವ್ವ ಮೊದಲ ಸಲ, "ನಾಯಿ ಸಾಕೀಯೇನು?" ಅಂದಿದ್ದಳು.

2023ರ ತೆಟ್ ಹಬ್ಬ ಜನವರಿ 22ಕ್ಕೆ ಬಂದಿತ್ತು. ತೆಟ್ ಅಂದರೆ ಅವರ ಯುಗಾದಿ. ಅಮಾವಾಸ್ಯೆ ಕಳೆದು ಶುರುವಾಗೋ ಚಾಂದ್ರಮಾನದ ಹೊಸ ವರ್ಷ. ಉತ್ತರದ ಹನೋಯ್ ಕಡೆ ಚಳಿ ಜಾಸ್ತಿ, ಅಲ್ಲಿ ಹಬ್ಬಕ್ಕೆ ಗುಲಾಬಿ ಬಣ್ಣದ ಪೀಚ್ ಹೂವಿನ ಕೊಂಬೆ ಬೇಕು. ದಕ್ಷಿಣದ ಸೆಕೆಯಲ್ಲಿ ಬೇಕಾಗಿರೋದು ಹಳದಿ ಹೂವಿನ 'ಮಾಯ್'. ಹೊಸ ವರ್ಷದ ಮೊದಲ ಬೆಳಿಗ್ಗೆ ಅದು ಮನೆ ಮುಂದೆ ಅರಳಿರಬೇಕು. ಮುಂಚೆ ಅರಳಿದರೂ ಕಷ್ಟ, ತಡವಾದರೂ ಕಷ್ಟ. ವರ್ಷವಿಡೀ ಆ ಗಿಡ ಬದುಕೋದು ಆ ಒಂದು ಬೆಳಿಗ್ಗೆಗೋಸ್ಕರ.

ನಮ್ಮ ಗಿಡ ತಂದಿದ್ದು ಹಬ್ಬದ ಹಿಂದಿನ ಮಧ್ಯಾಹ್ನ, ಬಿನ್ ಡೋಂಗ್ ಕಾಲುವೆ ದಂಡೆಯ ಹೂವಿನ ಸಂತೆಯಿಂದ. ಬೆನ್ ತ್ರೆ, ತಿಯೆನ್ ಜಾಂಗ್ ಕಡೆಯಿಂದ ದೋಣಿಗಳಲ್ಲಿ ಕುಂಡ ಹೇರಿಕೊಂಡು ಬರ್ತಾರೆ. ಕೆಳಗೆ ದೋಣಿ, ಮೇಲೆ ದಂಡೆಯುದ್ದಕ್ಕೂ ಹಳದಿ. ಎಂಟು ಲಕ್ಷ ಡಾಂಗ್ ಹೇಳಿದ ಗಿಡವನ್ನು ಚೌಕಾಸಿ ಮಾಡಿ ಮೂರು ಲಕ್ಷಕ್ಕೆ ತಂದೆವು. ನಮ್ಮ ಲೆಕ್ಕದಲ್ಲಿ ಸುಮಾರು ಸಾವಿರ ರೂಪಾಯಿ. ಗೆದ್ದು ಬಂದವಳ ಹಾಗೆ ಚೂ ಬಾಗೆ ತೋರಿಸಿದೆ. ಅವರು ಗಿಡ ನೋಡಲಿಲ್ಲ, ಗಡಿಯಾರ ನೋಡಿದರು. "ಈಗ ತಂದೆಯಾ?" ಅಂದರು, ಅಷ್ಟೇ.

ಆಮೇಲೆ ಗೊತ್ತಾಯಿತು. ಕೊನೇ ದಿನದ ಮಧ್ಯಾಹ್ನಕ್ಕೆ ಕಾದು ಕೂತು, ಬಿದ್ದ ಬೆಲೆಗೆ ಕೊಳ್ಳುವ ಜನ ಜಾಸ್ತಿ. ರೈತರು ಹಬ್ಬಕ್ಕೆ ಊರು ಸೇರಬೇಕು, ಖಾಲಿ ದೋಣಿಯಲ್ಲಿ ಹೋಗಬೇಕು, ಅದಕ್ಕೇ ಸಿಕ್ಕಷ್ಟಕ್ಕೆ ಕೊಡ್ತಾರೆ. ಕೆಲವರು ಕೊಡೋದೂ ಇಲ್ಲ. ಉಳಿದ ಕುಂಡಗಳನ್ನು ಅಲ್ಲೇ ಒಡೆದು ಹಾಕಿ ಹೋಗ್ತಾರೆ, ಮುಂದಿನ ವರ್ಷ ಯಾರೂ ಹೀಗೆ ಕಾಯದಿರಲಿ ಅಂತ. ಇದು ಗೊತ್ತಾದ ಮೇಲೆ ನನ್ನ ಗೆಲುವು ಇಳಿದು ಹೋಯಿತು. ಆ ಗಿಡವನ್ನು ಸಾಯಲು ಬಿಡಬಾರದು ಅಂತ ಹಟ ಬಂದಿದ್ದೂ ಆಗಲೇ ಇರಬೇಕು.

ಈ ಗಿಡಕ್ಕೆ ಇಂಗ್ಲಿಷಿನಲ್ಲಿ ಹಳದಿ ಆಪ್ರಿಕಾಟ್ ಅಂತಾರೆ. ಆಪ್ರಿಕಾಟ್‌ಗೂ ಇದಕ್ಕೂ ಏನೂ ಸಂಬಂಧ ಇಲ್ಲ. ಇದು ಓಕ್ನಾ ಕುಲದ್ದು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಮಿಕ್ಕಿ ಮೌಸ್ ಗಿಡ ಅಂತ ಬೆಳೆಸ್ತಾರಲ್ಲ, ಹಳದಿ ಹೂವು ಉದುರಿದ ಮೇಲೆ ಕೆಂಪು ಪುಷ್ಪಪಾತ್ರೆ, ಅದರ ಮೇಲೆ ಕರೀ ಕಾಯಿ ಕೂತಿರುತ್ತೆ, ಅದೂ ಇದೇ ಕುಲ. ಅದು ಚೂ ಬಾ ಅವರ ಗೇಟಿನ ಪಕ್ಕವೂ ಇದೆ. ವರ್ಷವಿಡೀ ಹೂ ಬಿಡುತ್ತೆ ಅಂತ ಇಲ್ಲಿ ಅದಕ್ಕೆ ನಾಲ್ಕು ಋತುವಿನ ಮಾಯ್ ಅನ್ನೋ ಹೆಸರು. ಎಂಟು ವರ್ಷ ಬೆಂಗಳೂರಿನಲ್ಲಿ ಅದರ ಪಕ್ಕದಲ್ಲೇ ಬೈಕ್ ನಿಲ್ಲಿಸುತ್ತಿದ್ದೆ. ಒಂದು ದಿನವೂ ಬಗ್ಗಿ ನೋಡಿರಲಿಲ್ಲ.

ಹಬ್ಬ ಮುಗಿದು ಮೊದಲ ಹುಣ್ಣಿಮೆ ಕಳೆದ ಮೇಲೆ ಚೂ ಬಾ ಕತ್ತರಿ ಹಿಡಿದು ಮೇಲೆ ಬಂದರು. ಉಳಿದ ಹೂವು, ಎಳೇ ಕಾಯಿ ಎಲ್ಲ ಕಿತ್ತರು. ಬೀಜ ಕಟ್ಟಲು ಬಿಟ್ಟರೆ ಗಿಡದ ಶಕ್ತಿಯೆಲ್ಲ ಅಲ್ಲೇ ಹೋಗುತ್ತಂತೆ. ಕೊಂಬೆಗಳನ್ನು ಮೋಟು ಮಾಡಿದರು. ಹಳೇ ಮಣ್ಣು ಕೆದರಿ ತೆಂಗಿನ ನಾರು, ಭತ್ತದ ಹೊಟ್ಟು, ಬೂದಿ, ಹಳೇ ಗೊಬ್ಬರ ತುಂಬಿಸಿದರು. ಇಷ್ಟು ರಗಳೆ ಬೇಡ ಅನ್ನುವವರು ಹಬ್ಬ ಮುಗಿದ ಕೂಡಲೇ ಗಿಡವನ್ನು ಯಾವುದಾದರೂ ತೋಟಕ್ಕೆ ಬಿಟ್ಟು ಬರ್ತಾರೆ. ವರ್ಷದ ದುಡ್ಡು ಕಟ್ಟಿದರೆ ಅವರೇ ಸಾಕಿ, ಮುಂದಿನ ತೆಟ್‌ಗೆ ಮೊಗ್ಗಿನ ಸಮೇತ ಮನೆಗೆ ತಂದು ಕೊಡ್ತಾರೆ. "ಗಿಡಕ್ಕೂ ಹಾಸ್ಟೆಲ್" ಅಂದ ನನ್ನ ಗಂಡ. ಅವನಿಗೆ ಆ ಐಡಿಯಾ ಬಹಳ ಹಿಡಿಸಿತ್ತು.

ನಾನು ಹಾಸ್ಟೆಲ್‌ಗೆ ಹಾಕಲಿಲ್ಲ. ಮಾರ್ಚ್, ಏಪ್ರಿಲ್ ಬಿಸಿಲಿಗೆ ದಿನಾ ಎರಡು ಹೊತ್ತು ನೀರು. ಮಳೆ ಶುರುವಾದ ಮೇಲೆ ಕುಂಡದಲ್ಲಿ ನೀರು ನಿಲ್ಲದ ಹಾಗೆ ಕಾಯೋದು. ಎಳೇ ಚಿಗುರಿಗೆ ಥ್ರಿಪ್ಸ್ ಅನ್ನೋ ಸಣ್ಣ ಹುಳ ಬಂದು ಎಲೆ ಮುದುಡಿತು. ಚೂ ಬಾ ಕೊಟ್ಟ ಔಷಧ ಮೂಸಿದರೆ ನಮ್ಮೂರೇ ನೆನಪಾಯಿತು. ಬೆಳ್ಳುಳ್ಳಿ, ಮೆಣಸಿನಕಾಯಿ ಅರೆದ ರಸ. ಎಲ್ಲಾ ಮಾಡಿದೆ, ಬಿಸಿಲು ಮಾತ್ರ ಕೊಡೋಕಾಗಲಿಲ್ಲ. ನಮ್ಮ ಬಾಲ್ಕನಿಗೆ ಮಧ್ಯಾಹ್ನದ ತನಕ ಪಕ್ಕದ ಕಟ್ಟಡದ ನೆರಳು. ಕೆಳಗೆ ಅಂಗಳದಲ್ಲಿದ್ದ ಚೂ ಬಾ ಅವರ ಮಾಯ್ ಮರಕ್ಕೆ ದಿನವಿಡೀ ಬಿಸಿಲು. ಅದರ ಮೊಗ್ಗು ಡಿಸೆಂಬರಿಗೇ ಕಡಲೆ ಕಾಳಿನಷ್ಟಾಗಿತ್ತು, ನಮ್ಮದು ಜೋಳದ ಕಾಳಿನಷ್ಟು.

ಅದರ ಮೇಲೆ ಆ ವರ್ಷ ಅಧಿಕ ಮಾಸ. ನಮ್ಮಲ್ಲಿ 2023ರಲ್ಲಿ ಅಧಿಕ ಶ್ರಾವಣ ಬಂದಿತ್ತಲ್ಲ, ಅವರ ಪಂಚಾಂಗದಲ್ಲಿ ಎರಡನೇ ತಿಂಗಳು ಎರಡು ಸಲ ಬಂತು. ತೆಟ್ ಫೆಬ್ರವರಿ 10ಕ್ಕೆ ಹೋಯಿತು. ಗಿಡಕ್ಕೆ ಪಂಚಾಂಗ ಗೊತ್ತಿಲ್ಲ, ಅದು ತನ್ನ ಪಾಡಿಗೆ ಬಲಿಯುತ್ತೆ. ಹಾಗಾಗಿ ಅಂಥ ವರ್ಷ ಹೂವು ಹಬ್ಬಕ್ಕಿಂತ ಮೊದಲೇ ಬಂದುಬಿಡುತ್ತೆ ಅನ್ನೋದು ಬೆಳೆಗಾರರ ಭಯ. ಆ ಭಯಕ್ಕೂ ತಡ ಮಾಡುವ ಭಯಕ್ಕೂ ಇರೋ ಔಷಧ ಒಂದೇ. ಎಲೆ ಕೀಳುವ ದಿನ ಸರಿಯಾಗಿ ಆರಿಸೋದು.

ಎಲೆ ಎಲ್ಲಾ ಒಮ್ಮೆಲೇ ಹೋದರೆ ಗಿಡದ ಬಲವೆಲ್ಲ ಮೊಗ್ಗಿಗೆ ತಿರುಗುತ್ತೆ, ಹೂವೂ ಒಮ್ಮೆಲೇ ಅರಳುತ್ತೆ. ಸುಮ್ನೆ ಬಿಟ್ಟರೆ ಅಲ್ಲೊಂದು ಇಲ್ಲೊಂದು ಎಲೆಗಳ ನಡುವೆ ಅರಳಿ ಉದುರಿ ಹೋಗುತ್ತೆ. ಸಾಮಾನ್ಯವಾಗಿ ವರ್ಷದ ಕೊನೇ ತಿಂಗಳ ಹುಣ್ಣಿಮೆ ಆ ಕೆಲಸದ ದಿನ. ಮೊಗ್ಗು ದಪ್ಪ ಇದ್ದರೆ ಎರಡು ಮೂರು ದಿನ ತಡ, ಸಣ್ಣ ಇದ್ದರೆ ಅಷ್ಟೇ ದಿನ ಮುಂಚೆ. ಚಳಿ ಬಿದ್ದರೆ ಇನ್ನೂ ಮುಂಚೆ.

ಇಲ್ಲೇ ನಾನು ಎಡವಿದ್ದು. ಅದೂ ಭಾಷೆಯ ಕಲ್ಲು ಎಡವಿ. ಅವತ್ತು ಹನ್ನೊಂದನೇ ತಿಥಿ, ಭಾನುವಾರ ಸಂಜೆ. ಚೂ ಬಾ ಮೇಲೆ ಬಂದು ನಮ್ಮ ಗಿಡದ ಮೊಗ್ಗು ಬೆರಳಲ್ಲಿ ಮುಟ್ಟಿ ನೋಡಿದರು. "ಮಾಯ್ ಲತ್ ಲಾ" ಅಂದರು. 'ಲತ್ ಲಾ' ಅಂದರೆ ಎಲೆ ಕೀಳು. ಮಾಯ್ ಗಿಡದ ಎಲೆ ಕೀಳಬೇಕು ಅಂತಿದಾರೆ, ಅದು ನನಗೂ ಗೊತ್ತಲ್ಲ, ಹುಣ್ಣಿಮೆಗೆ ಕೀಳ್ತೀನಿ ಅಂದುಕೊಂಡು ತಲೆಯಾಡಿಸಿದೆ. ವಿಯೆಟ್ನಾಮಿ ಭಾಷೆಯಲ್ಲಿ 'ಮಾಯ್' ಅಂದರೆ 'ನಾಳೆ' ಅಂತಲೂ ಅರ್ಥ. ಅವರು ಹೇಳಿದ್ದು "ನಾಳೆ ಎಲೆ ಕೀಳು" ಅಂತ. ಎರಡು ವರ್ಷ ವಾರಕ್ಕೆರಡು ಕ್ಲಾಸಿಗೆ ಹೋಗಿ ಕಲಿತ ಭಾಷೆ!

ಹುಣ್ಣಿಮೆ ದಿನ ನಾನು ಕೀಳುತ್ತಿರುವಾಗ ಅವರು ಕಾಫಿ ಲೋಟ ಹಿಡಿದು ಮೇಲೆ ಬಂದರು. ಬುಟ್ಟಿಯಲ್ಲಿದ್ದ ಎಲೆ ನೋಡಿದರು. "ಇವತ್ತು ಕೀಳ್ತಿದೀಯಾ ಕಾನ್?" ಅಂದರು. 'ಕಾನ್' ಅಂದರೆ ಮಗು. "ನಾಳೆ ಅಂತ ಹೇಳಿದ್ದೆನಲ್ಲ." ನಾನು ಲೆಕ್ಕ ಹಾಕಿದೆ. ಮೂರು ದಿನ ತಡ. ಅವರು ಬೈಯಲಿಲ್ಲ. ನನ್ನ ಕೈ ಸರಿಸಿ ತೋರಿಸಿಕೊಟ್ಟರು. ಒಂದು ಕೈಯಲ್ಲಿ ಕೊಂಬೆ ಹಿಡಿಯಬೇಕು, ಇನ್ನೊಂದರಲ್ಲಿ ಎಲೆಯನ್ನು ಮೆಲ್ಲಗೆ ಕೀಳಬೇಕು. ಜಗ್ಗಿದರೆ ತೊಗಟೆ ಸುಲಿಯುತ್ತೆ, ಎಲೆಯ ಬುಡದಲ್ಲೇ ಕೂತಿರೋ ಮೊಗ್ಗೂ ಹೋಗುತ್ತೆ. ಎರಡು ದಿನ ನೀರು ನಿಲ್ಲಿಸಿದ್ದರೆ ಎಲೆ ತಾನಾಗಿ ಸಡಿಲ ಆಗುತ್ತಿತ್ತು, ಅದೂ ನಾನು ಮಾಡಿರಲಿಲ್ಲ.

ಅವ್ವನ ಕಾಲ್ ಬಂದಿದ್ದು ಅವರು ಕೆಳಗೆ ಹೋದ ಮೇಲೆ. ಎಲ್ಲ ವಿವರಿಸಿದೆ. ಅವಳು ತಲೆಗೆ ಹೂ ಮುಡಿದು, ಇಳಕಲ್ ಸೀರೆ ಉಟ್ಟು ಹೊರಟು ನಿಂತಿದ್ದಳು. ಅವತ್ತು ಬನದ ಹುಣ್ಣಿಮೆ. ಚೊಳಚಗುಡ್ಡದಲ್ಲಿ ಬನಶಂಕರಿ ತೇರು.

"ನಿನ್ನಿ ಪಲ್ಲೇದ ಹಬ್ಬ. ಆ ತಾಯಿಗಿ ಎಷ್ಟು ಥರದ ಪಲ್ಲೆ ಮಾಡಿ ಎಡಿ ಹಿಡಿದ್ವಿ. ಶಾಕಾಂಬರಿ ಆಕಿ. ಹಸರು ಅಂದ್ರ ಆಕೀನ. ನೀ ನೋಡಿದ್ರ ಹುಣ್ಣಿವಿ ದಿನಾನ ಕುಂತು ಹಸರ ಗಿಡ ಬೋಳಸಾಕತ್ತೀಯಲ್ಲ!"

"ಇಲ್ಲಿ ಪದ್ಧತಿ ಹಂಗೈತಿ ಅವ್ವಾ. ಹೂವಿಗೋಸ್ಕರ."

"ಯಾವ ಪದ್ಧತೀನೋ. ಕೈ ಮುಗದು ಕೀಳು."

ಫೋನ್ ಇಟ್ಟಳು. ಬರ ಕಂಡ ಊರು ನಮ್ಮದು. ಬಿಸಿಲಿಗೆ ಕರಿಬೇವು ಬಾಡಿದರೂ ಅವ್ವ ಪಾತ್ರೆ ತೊಳೆದ ನೀರು ಹೊತ್ತು ಹಾಕುತ್ತಿದ್ದಳು. ಸಂಜೆ ಆದ ಮೇಲೆ ತುಳಸಿ ಎಲೆ ಮುಟ್ಟಲು ಬಿಟ್ಟವಳಲ್ಲ. ನಾನು ಸುತ್ತ ನೋಡಿ, ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಗಿಡಕ್ಕೆ ಕೈ ಮುಗಿದೆ. ಆಮೇಲೆ ಉಳಿದದ್ದನ್ನು ಕಿತ್ತೆ. ಹನ್ನೊಂದು ಗಂಟೆಗೆ ಬಾಲ್ಕನಿಯಲ್ಲಿ ನಿಂತಿದ್ದು ಕಡ್ಡಿಗಳ ಕಟ್ಟು. ಬುಟ್ಟಿಯಲ್ಲಿ ಹಸಿರು ರಾಶಿ. ಅದನ್ನು ಕಸಕ್ಕೆ ಹಾಕಲು ಮನಸ್ಸು ಬರಲಿಲ್ಲ. ಅದೇ ಕುಂಡದ ಮಣ್ಣಿಗೆ ಹರಡಿದೆ.

ಮಧ್ಯಾಹ್ನ ಚೂ ಬಾ ಹೆಂಡತಿ ಊಟಕ್ಕೆ ಕರೆದರು. "ಇವತ್ತು ಚಾಯ್" ಅಂದರು. ನಾನು ಟೀ ಅಂದುಕೊಂಡು ಬರಿಗೈಲಿ ಹೋದೆ. 'ಚಾಯ್' ಅಂದರೆ ಸಸ್ಯಾಹಾರ. ಹುಣ್ಣಿಮೆಗೆ ಬೌದ್ಧರು ಅನೇಕರು ಮಾಂಸ ತಿನ್ನಲ್ಲ. ತೋಫು, ಅಣಬೆ, ಬಸಳೆ ಥರದ ಒಂದು ಸೊಪ್ಪು, ಹಾಗಲಕಾಯಿ. ಎಣಿಸಿದರೆ ಏಳು ಬಗೆ. ಪಲ್ಲೇದ ಹಬ್ಬ ತಪ್ಪಿತು ಅಂತ ಇದ್ದ ಕೊರಗು ಅಲ್ಲಿಗೆ ಸ್ವಲ್ಪ ಕಡಿಮೆ ಆಯಿತು.

ಚೂ ಬಾ ತಮ್ಮ ಮರದ ಎಲೆ ಕಿತ್ತಿದ್ದು ಮೂರು ದಿನ ಬಿಟ್ಟು, ಭಾನುವಾರ. ಮಕ್ಕಳು, ಮೊಮ್ಮಕ್ಕಳು ಎಲ್ಲ ಏಣಿ ಹಾಕಿಕೊಂಡು ಕಿತ್ತರು. ಫೆಬ್ರವರಿ 2 ಇಪ್ಪತ್ತಮೂರನೇ ತಿಥಿ, ಒಲೆ ದೇವರು ವರದಿ ಒಪ್ಪಿಸಲು ಸ್ವರ್ಗಕ್ಕೆ ಹೋಗೋ ದಿನ. ಅವರ ಒಲೆ ದೇವರೂ ಮೂವರು, ನಮ್ಮ ಒಲೆಗುಂಡುಗಳ ಹಾಗೆ. ಆ ದಿನದೊಳಗೆ ಮೊಗ್ಗಿನ ಹೊರಸಿಪ್ಪೆ ಬಿರಿದರೆ ಹೂವು ಹೊಸ ವರ್ಷಕ್ಕೆ ಸರಿಯಾಗಿ ಅರಳುತ್ತೆ ಅನ್ನೋದು ಲೆಕ್ಕ. ಚೂ ಬಾ ಮರದ ಸಿಪ್ಪೆ ಬಿರಿದು ಪುಟ್ಟ ಹಸಿರು ಮೊಗ್ಗುಗಳ ಗೊಂಚಲು ಇಣುಕುತ್ತಿತ್ತು. ನಮ್ಮದರಲ್ಲಿ ಏನೂ ಇಲ್ಲ.

ಉಪಚಾರ ಶುರುವಾಯಿತು. ಬೆಳಿಗ್ಗೆ ಉಗುರುಬೆಚ್ಚಗಿನ ನೀರು. ಹಗಲೆಲ್ಲ ಟೆರೇಸಿನ ಬಿಸಿಲಿಗೆ ಹೊತ್ತೊಯ್ಯೋದು. ರಾತ್ರಿ ಒಂದು ಬಲ್ಬು ಹಚ್ಚಿಡೋದು. ಗಂಡ ವೈರು ಎಳೆದುಕೊಡುತ್ತ "ಬಾಣಂತನ" ಅಂತ ನಕ್ಕ. ಆದರೆ ನನಗಿಂತ ಮುಂಚೆ ಎದ್ದು ನೋಡುತ್ತಿದ್ದವನೂ ಅವನೇ.

ಫೆಬ್ರವರಿ 10. ಬೆಳಗಾಗುತ್ತಲೇ ಕೆಳಗೆ ಓಡಬೇಕು ಅನಿಸಿತು. ಆದರೆ ಹಾಗೆ ಹೋಗುವಂತಿಲ್ಲ. ವರ್ಷದ ಮೊದಲ ದಿನ ಮನೆಗೆ ಮೊದಲು ಕಾಲಿಡುವವರ ಮೇಲೆ ಆ ಮನೆಯ ಇಡೀ ವರ್ಷದ ಒಳ್ಳೇದು ನಿಂತಿದೆ ಅಂತ ನಂಬಿಕೆ. ಯಾರು ಬರಬೇಕು ಅಂತ ಮೊದಲೇ ನಿಗದಿ ಮಾಡಿರ್ತಾರೆ. ಮೆಟ್ಟಿಲ ಮೇಲೆ ಕೂತೇ ಕಂಬಿಯ ಸಂದಿಯಿಂದ ನೋಡಿದೆ. ಅಂಗಳದಲ್ಲಿ ಒಂದೂ ಎಲೆಯಿಲ್ಲದ ಮರ, ಬುಡದಿಂದ ತುದಿವರೆಗೆ ಹಳದಿ. ಕೊಂಬೆಗಳಲ್ಲಿ, ಹಬ್ಬಕ್ಕೆ ಉಡುಗೊರೆ ದುಡ್ಡು ಹಾಕಿ ಕೊಡೋ ಥರದ ಕೆಂಪು ಲಕೋಟೆಗಳು ತೂಗಾಡುತ್ತಿದ್ದವು. ಮೊಮ್ಮಗಳು ಒಂದು ಹೂವಿನ ಎಸಳು ಎಣಿಸುತ್ತಿದ್ದಳು. ಐದಕ್ಕಿಂತ ಜಾಸ್ತಿ ಎಸಳಿದ್ದರೆ ಅದೃಷ್ಟ. ಮೂರು ದಿನ ಆ ಅಂಗಳದಲ್ಲಿ ಉದುರಿದ ಎಸಳನ್ನು ಯಾರೂ ಗುಡಿಸಲಿಲ್ಲ. ಗುಡಿಸಿದರೆ ಸಂಪತ್ತೂ ಹೋಗುತ್ತಂತೆ. ದೀಪ ಹಚ್ಚಿದ ಮೇಲೆ ಕಸ ಗುಡಿಸಿ ಬೈಸಿಕೊಂಡ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮೇಲೆ ನಮ್ಮ ಬಾಲ್ಕನಿಯಲ್ಲಿ ಕಡ್ಡಿ, ಬಲ್ಬು. ನಮಸ್ಕಾರ ಹೇಳಲು ಬಂದ ಚೂ ಬಾ ಅದನ್ನು ನೋಡಿದರು. "ಅದರ ತೆಟ್ ಇನ್ನೂ ಬಂದಿಲ್ಲ" ಅಂತ ಹೇಳಿ, ನನ್ನ ಕೈಗೆ ಒಂದು ಕೆಂಪು ಲಕೋಟೆ ಕೊಟ್ಟರು.

ಮೊದಲ ಹೂವು ಅರಳಿದ್ದು ಫೆಬ್ರವರಿ 14ಕ್ಕೆ, ಐದನೇ ದಿನ, ಹಬ್ಬದ ರಜೆಯ ಕೊನೇ ದಿನ. ಕೆಳಗಿನ ಮರ ಆಗಲೇ ಅರ್ಧ ಉದುರಿತ್ತು. ಮಧ್ಯಾಹ್ನದೊಳಗೆ ನಮ್ಮದರಲ್ಲಿ ಹತ್ತು ಹನ್ನೆರಡು ಹೂವಾದವು. ಎಲ್ಲಾ ಐದೇ ಎಸಳಿನವು. ಅವ್ವನಿಗೆ ವಿಡಿಯೋ ಕಾಲ್ ಮಾಡಿದೆ. ಅವಳು ಗೋಡೆಯ ಕ್ಯಾಲೆಂಡರ್ ನೋಡಿ ಇವತ್ತು ವಸಂತ ಪಂಚಮಿ ಅಂದಳು. ಹೂವು ತೋರಿಸಿದೆ. "ಚಂದ ಅದಾವು" ಅಂದಳು, ಅಷ್ಟೇನೂ ಉತ್ಸಾಹ ಇಲ್ಲದೆ.

"ಇನ್ನಷ್ಟು ಹತ್ರ ಹಿಡಿ."

ಹಿಡಿದೆ.

"ಹೂವಲ್ಲ. ಅದರ ಬಾಜೂಕ. ಕೆಂಪಗ ಏನೈತಿ ಅಲ್ಲಿ?"

ನಾನೂ ಆಗಲೇ ನೋಡಿದ್ದು. ಹೂವಿನ ಪಕ್ಕ, ಕಡ್ಡಿಯ ತುದಿಯಲ್ಲಿ, ತಾಮ್ರದ ಬಣ್ಣದ ಎರಡು ಎಳೇ ಎಲೆ, ಇನ್ನೂ ಪೂರ್ತಿ ಬಿಚ್ಚಿಕೊಂಡಿರಲಿಲ್ಲ.

"ಹಾಂ, ಚಿಗಿತೈತಿ" ಅಂದಳು ಅವ್ವ. "ಈಗ ನೀರು ಹಾಕು."