ಪೆನ್ನಿಗೆ ಅಂಟಿದ ಕುರ್ಚಿ: ಮಾರುಕಟ್ಟೆ ಸಂಘದ ನಾಲ್ಕನೆಯ ಟಿಪ್ಪಣಿ

ಕಳೆದ ಸೋಮವಾರ ಮಧ್ಯಾಹ್ನ ಎರಡೂವರೆಗೆ ಹಾಸನದ ಕಟ್ಟಿನಕೆರೆ ಮಾರುಕಟ್ಟೆಯ ಹಿಂಬದಿಯಲ್ಲಿ ನಮ್ಮ ಬೀದಿಬದಿ ವ್ಯಾಪಾರಿಗಳ ಉಳಿತಾಯ ಸಂಘದ 17 ಹೆಂಗಸರು ಗೋಣಿಚೀಲ ಹಾಸಿಕೊಂಡು ಕುಳಿತು, ಪೆಟ್ಟಿಗೆ ತೆರೆದು, ಉಳಿತಾಯ ಹಾಕಿ, ಎರಡು ಸಾಲ ಕೊಟ್ಟು, ಉಳಿದ ಹಣ ಎಣಿಸಿ, ಪೆಟ್ಟಿಗೆ ಮುಚ್ಚಿ ಎದ್ದರು. ಸಂಘ ಕಟ್ಟಿ ಅನುಭವವಿರುವವರಿಗೆ ಇದರಲ್ಲಿ ಬರೆಯುವಂಥದ್ದು ಏನಿದೆ ಎನಿಸಬಹುದು. ಬರೆಯುವಂಥದ್ದು ಇಷ್ಟು: ಅಂದು ಅಧ್ಯಕ್ಷೆ ಊರಿನಲ್ಲಿರಲಿಲ್ಲ, ನಾನು ಬಾಯಿ ತೆರೆಯಲಿಲ್ಲ, ಸಭೆ ನಡೆಸಿದ ಹೂವಿನ ವ್ಯಾಪಾರಿಗೆ ಓದುಬರಹ ಬಾರದು, ಆದರೂ ಲೆಕ್ಕ ಒಂದು ರೂಪಾಯಿಯೂ ಹೆಚ್ಚುಕಡಿಮೆಯಾಗದೆ ಕೂಡಿಬಂತು. ಈ ನಾಲ್ಕೂ ಒಂದೇ ದಿನ ಒದಗಿಬರಲು ಹನ್ನೊಂದು ತಿಂಗಳು ಹಿಡಿಯಿತು.

ಸದಸ್ಯರನ್ನು ಕೂಡಿಸುವುದು, ಬೈಲಾ ಬರೆಯುವುದು, 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಗೆ ಬೇಕಾದ ಕನಿಷ್ಠ 7 ಸಹಿಗಳನ್ನು ಹೊಂದಿಸುವುದು, ಪಂಚಸೂತ್ರ (ತಪ್ಪದ ಸಭೆ, ತಪ್ಪದ ಉಳಿತಾಯ, ಒಳಸಾಲ, ಸಕಾಲಕ್ಕೆ ಮರುಪಾವತಿ, ಸರಿಯಾದ ಲೆಕ್ಕ) ಬಾಯಿಪಾಠ ಮಾಡಿಸುವುದು, ಇವೆಲ್ಲ ನಿಮಗೆ ನೀರು ಕುಡಿದಷ್ಟು ಸಲೀಸು ಎಂದುಕೊಂಡು ಬಿಟ್ಟುಬಿಡುತ್ತೇನೆ. ದಿನದ ಬಡ್ಡಿಯ ಕಾಟವನ್ನೂ ವಿವರಿಸಬೇಕಿಲ್ಲ. ಬೆಳಿಗ್ಗೆ 900 ರೂಪಾಯಿ ಕೈಗಿಟ್ಟು ಸಂಜೆ 1,000 ವಸೂಲು ಮಾಡುವವರು ನಮ್ಮಲ್ಲೂ ಇದ್ದರು, ಈಗ ನಮ್ಮ ಸಾಲಿನ ಕಡೆ ಸುಳಿಯುವುದು ಕಡಿಮೆ. ನನ್ನ ತಲೆ ತಿಂದದ್ದು ಬೇರೆ. ಅಧ್ಯಕ್ಷ ಸ್ಥಾನವನ್ನು ವರ್ಷಕ್ಕೊಮ್ಮೆ ಬದಲಿಸಬೇಕೆಂದು ಬೈಲಾದಲ್ಲಿ ನಾನೇ ಬರೆದಿದ್ದರೂ ಅದು ಮೂರು ವರ್ಷ ಒಬ್ಬರ ಬಳಿಯಿಂದ ಕದಲಲಿಲ್ಲ.

ತಪ್ಪು ಯಾರದೆಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಸಹಕಾರ ಸಂಘವೊಂದರಲ್ಲಿ ಇಪ್ಪತ್ತೆಂಟು ವರ್ಷ ಲೆಕ್ಕ ಬರೆದು ನಿವೃತ್ತಳಾದ ನನಗೆ ಅಚ್ಚುಕಟ್ಟಾದ ಅಕ್ಷರ ಕಂಡರೆ ಮರುಳು. ಮೊದಲ ಸಭೆಯಲ್ಲಿ ತರಕಾರಿಯವರೊಬ್ಬರು ತಮ್ಮ ಹೆಸರನ್ನು ದುಂಡಗೆ ಬರೆದದ್ದನ್ನು ನೋಡಿ, ಇವರೇ ಅಧ್ಯಕ್ಷರಾಗಲಿ ಎಂದು ಸೂಚಿಸಿದವಳು ನಾನು. ಹತ್ತನೆಯ ತರಗತಿ ಮುಗಿಸಿದ್ದ ಅವರು ಪುಸ್ತಕವನ್ನು ಮನೆಗೆ ಒಯ್ದು ರಾತ್ರಿ ಕುಳಿತು ಬರೆಯುತ್ತಿದ್ದರು. ಮೂರು ವರ್ಷದಲ್ಲಿ ಒಂದು ಚಿತ್ತೂ ಇಲ್ಲ, ಒಂದು ಪೈಸೆಯ ಮೋಸವೂ ಇಲ್ಲ. ಆದರೆ ಪುಸ್ತಕ ಯಾರ ಮನೆಯಲ್ಲಿರುತ್ತದೋ ಸಂಘವೂ ಅವರ ಮನೆಯಲ್ಲೇ ಇರುತ್ತದೆ. ಅವರು ಬಾರದ ದಿನ ಸಭೆಯಿಲ್ಲ. ತಾನು ಎಷ್ಟು ಉಳಿಸಿದ್ದೇನೆ ಎಂಬುದನ್ನು ತಿಳಿಯಲು ಗೊರೂರಿನ ಕಡೆಯಿಂದ ಬರುವ ಸೊಪ್ಪಿನವರು ಅವರನ್ನೇ ಕೇಳಬೇಕು, ಕೇಳಿದರೆ ನಂಬಿಕೆಯಿಲ್ಲವೆಂದು ತಿಳಿದಾರೋ ಎಂಬ ಸಂಕೋಚದಲ್ಲಿ ಕೇಳದೆಯೇ ಇರಬೇಕು. ಪ್ರತಿ ವಾರ್ಷಿಕ ಸಭೆಯಲ್ಲೂ ಎಲ್ಲರೂ ಅವರಿಗೇ ಕೈ ಎತ್ತಿದರು. ಕಾರಣ ಕೇಳಿದರೆ ಒಂದೇ ಮಾತು: "ಬುಕ್ಕು ಬರೆಯೋರು ಯಾರು?"

ಇದನ್ನು ಹೀಗೆಯೇ ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಕೇಳುವವರಿದ್ದಾರೆ. ಲೆಕ್ಕ ಸರಿಯಿದೆ, ಜಗಳವಿಲ್ಲ, ಇನ್ನೇನು ಬೇಕು? 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ, ವ್ಯಾಪಾರಿಗಳ ಸಮೀಕ್ಷೆ, ಪ್ರಮಾಣಪತ್ರ, ಜಾಗದ ವಿಷಯ ನೋಡುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಆಯ್ಕೆ ಮಾಡಿದ ಪ್ರತಿನಿಧಿಗಳಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. 20 ಜನರ ಸಮಿತಿಯಾದರೆ 8 ವ್ಯಾಪಾರಿಗಳು, ಅವರಲ್ಲಿ 3 ಹೆಂಗಸರು. ಆ ಮೇಜಿನ ಮುಂದೆ ಆಯುಕ್ತರೋ ಮುಖ್ಯಾಧಿಕಾರಿಯೋ ಅಧ್ಯಕ್ಷತೆ ವಹಿಸಿರುತ್ತಾರೆ, ಪೊಲೀಸರಿರುತ್ತಾರೆ. ಗೋಣಿಚೀಲದ ಮೇಲೆ ಕುಳಿತು ಹದಿನೆಂಟು ಜನರ ಸಭೆಯನ್ನು ಒಮ್ಮೆಯೂ ನಡೆಸದವರು ಅಲ್ಲಿ ಹೋಗಿ, ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ನಮ್ಮನ್ನು ಎಬ್ಬಿಸುವಂತಿಲ್ಲವೆಂದು ಕಾಯ್ದೆಯೇ ಹೇಳುತ್ತದೆ ಎಂದು ವಾದಿಸಿಯಾರೇ? ಮಾತನಾಡಬಲ್ಲ ಒಬ್ಬರನ್ನು ಕಳಿಸಬಹುದು, ಸರಿ. ಅವರಿಗೆ ಜ್ವರ ಬಂದರೆ?

ಮೊದಲ ಪ್ರಯತ್ನಗಳನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಅವು ನೀವೂ ಮಾಡಿರಬಹುದಾದ ತಪ್ಪುಗಳು. ಬೇರೊಬ್ಬರನ್ನು ಅಧ್ಯಕ್ಷೆ ಮಾಡಿ ಬರೆಯುವವರನ್ನು ಕಾರ್ಯದರ್ಶಿ ಮಾಡಿದೆವು. ಹೊಸ ಅಧ್ಯಕ್ಷೆ ಪ್ರತಿ ಮಾತಿಗೂ ಕಾರ್ಯದರ್ಶಿಯ ಮುಖ ನೋಡಿದರು, ಕುರ್ಚಿ ಮತ್ತೆ ಹಳಬರಿಗೇ ಮರಳಿತು. ಅಕ್ಷರಾಭ್ಯಾಸದ ತರಗತಿ ನಡೆಸಿದೆ; ಬೆಳಗಿನ ಜಾವ ಮೂರಕ್ಕೇ ಎದ್ದು ಬಂದವರು ಮಧ್ಯಾಹ್ನದ ಹೊತ್ತಿಗೆ ಮೊದಲ ಸಾಲಿನಲ್ಲೇ ತೂಕಡಿಸಿದರು, ನಾಲ್ಕನೆಯ ವಾರ ನನಗೂ ನಿದ್ದೆ ಬಂತು. ಕೊನೆಗೆ ಪುಸ್ತಕವನ್ನು ನಾನೇ ಬರೆದೆ. ಎಲ್ಲಕ್ಕಿಂತ ಕೆಟ್ಟ ಉಪಾಯ ಅದೇ: ಎರಡೇ ತಿಂಗಳಲ್ಲಿ "ಮೇಡಂ ಹೇಳಿದರೆ ಆಯ್ತು" ಎಂಬ ಮಾತು ಶುರುವಾಗಿ, ಯಾರೂ ಆರಿಸದ ನಾಯಕಿ ನಾನಾಗಿಬಿಟ್ಟಿದ್ದೆ.

ದಾರಿ ಸಿಕ್ಕಿದ್ದು ಆಫ್ರಿಕಾದ ಕಡೆಯಿಂದ. 1991ರಲ್ಲಿ ನೈಜರ್ ದೇಶದಲ್ಲಿ ಕೇರ್ ಎಂಬ ಅಂತರರಾಷ್ಟ್ರೀಯ ನೆರವು ಸಂಸ್ಥೆಯವರು ಆರಂಭಿಸಿದ ಉಳಿತಾಯ ಗುಂಪುಗಳಲ್ಲಿ ಲೆಕ್ಕ ಬರೆಯುವವರೇ ಅಪರೂಪವಾಗಿದ್ದರು. ಆ ಬಗೆಯ ಗುಂಪುಗಳಲ್ಲಿ ಪೆಟ್ಟಿಗೆಗೆ ಮೂರು ಬೀಗ, ಮೂರು ಕೀಲಿ ಮೂವರ ಬಳಿ. ಉಳಿತಾಯದ ಒಂದೊಂದು ಪಾಲಿಗೂ ಸದಸ್ಯೆಯ ಪುಸ್ತಿಕೆಯಲ್ಲಿ ಒಂದು ಮುದ್ರೆ. ಪೆಟ್ಟಿಗೆಯ ಶಿಲ್ಕನ್ನು, ಅಂದರೆ ಉಳಿದ ಹಣವನ್ನು, ಬರೆಯುವ ಬದಲು ಎಲ್ಲರೂ ನೆನಪಿಟ್ಟುಕೊಂಡು ಮುಂದಿನ ಸಭೆಯ ಆರಂಭದಲ್ಲಿ ಹೇಳುವುದು. ನಮ್ಮ ದೇಶದಲ್ಲೂ ಇಂಥ ಜಾಣ್ಮೆಗೆ ಕೊರತೆಯಿಲ್ಲ. ಇಳಾ ಭಟ್ ಅವರು 1972ರಲ್ಲಿ ಅಹಮದಾಬಾದಿನಲ್ಲಿ ಕಟ್ಟಿದ, ಸ್ವಂತ ದುಡಿಮೆಯ ಹೆಂಗಸರ 'ಸೇವಾ' (SEWA) ಸಂಘದ 4,000 ಹೆಂಗಸರು ತಲಾ 10 ರೂಪಾಯಿ ಹಾಕಿ 1974ರಲ್ಲಿ ಬ್ಯಾಂಕು ತೆರೆದಾಗ, ಸಹಿ ಬಾರದವರ ಗುರುತಿಗೆ ಭಾವಚಿತ್ರ ಬಳಸಿದರು. ಸಹಿಗೆ ಪರ್ಯಾಯವಾಗಿ ಮುಖವನ್ನು ಇಡಬಹುದಾದರೆ ಪುಸ್ತಕಕ್ಕೆ ಪರ್ಯಾಯವಾಗಿ ಏನನ್ನಾದರೂ ಇಡಬಹುದು ಎಂಬ ಧೈರ್ಯದಲ್ಲಿ ರಬ್ಬರ್ ಮುದ್ರೆ ಮಾಡಿಸಲು ಹೊರಟೆ.

ಐದು ಎಸಳಿನ ಹೂವು ಬೇಕೆಂದು ಚಿತ್ರ ಬರೆದುಕೊಟ್ಟಿದ್ದೆ. ಮುದ್ರೆಯವರು ಹನ್ನೆರಡು ದಿನ ಸತಾಯಿಸಿ ಕೊಟ್ಟದ್ದು ಕಮಲ. ಸಿದ್ಧವಾಗಿ ಇದ್ದದ್ದು ಅದೇ ಅಂತೆ. ಹೆಂಗಸರು ಅದನ್ನು ಮುಟ್ಟಲಿಲ್ಲ, ಸಂಘ ಪಾರ್ಟಿ ಸೇರಿತೆಂದು ಮಾರುಕಟ್ಟೆಯೆಲ್ಲ ಹೇಳುತ್ತದೆ ಎಂದರು. ಹಿಂದಿರುಗಿಸಿದರೆ ಎರಡನೆಯ ಸಲ ಬಂದದ್ದು ಹಸ್ತ. ರಾಜಕೀಯ ಬೇಡವೆಂದು ಬಿಡಿಸಿ ಹೇಳಿ ಬಂದೆ. ಮೂರನೆಯ ಸಲ ಅವರು ಹೆಮ್ಮೆಯಿಂದ, ಹೆಂಗಸರ ಸಂಘವೆಂದಿರಲ್ಲ ಎನ್ನುತ್ತಾ, ತೆನೆ ಹೊತ್ತ ಮಹಿಳೆಯನ್ನು ಮುಂದಿಟ್ಟರು. ಹಾಸನದಲ್ಲಿ ಕುಳಿತು ಇಂಥ ಮುಗ್ಧತೆಯನ್ನು ಕಾಪಾಡಿಕೊಂಡ ಮನುಷ್ಯನ ಮೇಲೆ ಕೋಪ ಮಾಡಿಕೊಳ್ಳಲೂ ಆಗಲಿಲ್ಲ. ಕೊನೆಗೆ ಬದನೆಕಾಯಿಯ ಚಿತ್ರಕ್ಕೆ ಎಲ್ಲರೂ ಒಪ್ಪಿದರು.

ಬದನೆಕಾಯಿ ಎರಡು ವಾರ ಬಾಳಿತು. ಸೊಪ್ಪಿನವರ ಕೈ ಎಂದಾದರೂ ಒಣಗಿರುವುದುಂಟೇ? ಕೊತ್ತಂಬರಿ, ಸಬ್ಬಸಿಗೆ, ದಂಟು ಬಾಡದಂತೆ ದಿನವಿಡೀ ನೀರು ಚಿಮುಕಿಸುವ ಕೈ ಅದು. ಮುದ್ರೆ ಒತ್ತಿದ ಉಳಿತಾಯದ ಕಾರ್ಡನ್ನು ಹಿಡಿದೊಡನೆ ನೀಲಿ ಶಾಯಿ ಹರಡಿ ಮೂರು ಬದನೆಕಾಯಿಗಳು ಒಂದೇ ದೊಡ್ಡ ಕುಂಬಳಕಾಯಿಯಾದವು. ಅಳಿಸದ ಶಾಯಿ ತರಿಸಿದೆ. ಅದು ಕಾರ್ಡಿನಿಂದ ಅಳಿಸಲಿಲ್ಲ, ಬೆರಳಿನಿಂದಲೂ ಅಳಿಸಲಿಲ್ಲ, ಮಲ್ಲಿಗೆಯ ದಂಡೆಗೂ ಅಂಟಿತು. ಹೂವಿನವರು ನನಗೆ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಶಾಯಿಯೇ ಬೇಡ, ತೂತು ಹಾಕೋಣ ಎಂದು ಹೊಳೆದದ್ದು ಬಸ್ಸಿನಲ್ಲಿ. 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾದ ಮೇಲೆ ದುದ್ದ, ಶಾಂತಿಗ್ರಾಮದ ಕಡೆಯ ಸದಸ್ಯರು ಸಭೆ ತಪ್ಪಿಸುವುದು ಕಡಿಮೆಯಾಗಿತ್ತು. ಯಂತ್ರದಿಂದ ಹೊರಬರುವ ಶೂನ್ಯ ಟಿಕೆಟನ್ನು ನೋಡುತ್ತ ಹಿಂದಿನ ಕಂಡಕ್ಟರುಗಳ ಕೈಯಲ್ಲಿದ್ದ ಪಂಚು ನೆನಪಾಯಿತು. ಅಂತರ್ಜಾಲದಲ್ಲಿ ನಕ್ಷತ್ರದ ಆಕಾರದ ಪಂಚು ತರಿಸಿದೆ. ಅದು ಮಕ್ಕಳ ಆಟಿಕೆ. ನಮ್ಮ ದಪ್ಪನೆಯ 300 ಜಿಎಸ್‌ಎಂ ಕಾರ್ಡಿಗೆ ಹಲ್ಲು ಕಚ್ಚಿಕೊಂಡು ನಿಂತುಬಿಟ್ಟಿತು, ಹಿಂದಿರುಗಿಸುವ ಅವಧಿ ಅದರ ಹಿಂದಿನ ದಿನವೇ ಮುಗಿದಿತ್ತು. ಕೊನೆಗೆ ಸದಸ್ಯೆಯೊಬ್ಬರ ನಿವೃತ್ತ ಕಂಡಕ್ಟರ್ ಅಣ್ಣ ತಮ್ಮ ಹಳೆಯ ಪಂಚನ್ನು ಅಟ್ಟದಿಂದ ಇಳಿಸಿಕೊಟ್ಟರು. ಗುಂಡು ತೂತನ್ನು ಯಾರು ಬೇಕಾದರೂ ಹಾಕಬಹುದಾದ್ದರಿಂದ ವರ್ಕ್‌ಶಾಪಿನವರೊಬ್ಬರಿಂದ ಮೊಳೆಯನ್ನೂ ಅಚ್ಚನ್ನೂ ತ್ರಿಕೋನವಾಗಿ ಹೊಸದು ಮಾಡಿಸಿದೆ. "ನಾಳೆ ಬನ್ನಿ" ಎಂಬುದನ್ನು ಆರು ಸಲ ಕೇಳಿದೆ. ಏಳನೆಯ ನಾಳೆ ಸಿಕ್ಕಿತು.

ಕಾರ್ಡಿನ ವಿನ್ಯಾಸ ಹೀಗಿದೆ: ಮೂರು ತಿಂಗಳಿಗೆ ಒಂದು ಕಾರ್ಡು, 13 ವಾರಕ್ಕೆ 13 ಸಾಲು, ಸಾಲಿಗೆ 5 ಮನೆ, ಒಂದು ತೂತಿಗೆ 50 ರೂಪಾಯಿ. ಯಾರೂ ವಾರಕ್ಕೆ ಐದಕ್ಕಿಂತ ಹೆಚ್ಚು ಹಾಕುವಂತಿಲ್ಲ. ಸಾಲಕ್ಕೆ ಹಳದಿ ಕಾರ್ಡು, ತೀರಿಸಿದಂತೆಲ್ಲ ತೂತು. ತೂತು ನೀರಿಗೆ ಹರಡುವುದಿಲ್ಲ, ಕಣ್ಣು ಮಂಜಾದವರೂ ಬೆರಳಾಡಿಸಿ ಎಣಿಸಬಹುದು, ಒಮ್ಮೆ ಬಿದ್ದದ್ದನ್ನು ಯಾರೂ ಮುಚ್ಚಲಾರರು.

ಇಷ್ಟಾದ ಮೇಲೂ ಗಂಟು ಬಿಡಲಿಲ್ಲ, ಇದನ್ನೇ ನಾನು ಒತ್ತಿ ಹೇಳಬೇಕೆಂದಿರುವುದು. ಪಂಚು ಬಂದ ದಿನ ನಾನು ಅದನ್ನು ಅಧ್ಯಕ್ಷೆಯ ಕೈಗೇ ಕೊಟ್ಟೆ, ಅಭ್ಯಾಸಬಲ. ಮೂರು ವಾರ ಕಳೆಯುವಷ್ಟರಲ್ಲಿ ಪೆನ್ನಿದ್ದ ಜಾಗದಲ್ಲಿ ಪಂಚು ಕುಳಿತಿತ್ತು, ಬೇರೇನೂ ಬದಲಾಗಿರಲಿಲ್ಲ. ಅದು ಅವರ ಸೆರಗಿನ ಗಂಟಿನಲ್ಲಿ ಮನೆಗೆ ಹೋಗುತ್ತಿತ್ತು, ಜನ ಕಾರ್ಡು ಹಿಡಿದು ಅವರ ಮುಂದೆ ಸಾಲುಗಟ್ಟುತ್ತಿದ್ದರು. ಹಾಸನಾಂಬೆಯ ಬಾಗಿಲು ತೆರೆದಿದ್ದ ದಿನಗಳಲ್ಲಿ ಹೂವಿನವರು ಯಾರೂ ಸಭೆಗೆ ಸಿಗದೆ ಎರಡು ವಾರ ಬಿಡುವಾದಾಗ ಕುಳಿತು ಯೋಚಿಸಿದೆ. ನಾನು ಸಾಧನವನ್ನು ಸುಲಭ ಮಾಡಿದ್ದೆ, ಆದರೆ ಅದು ಕೈಯಿಂದ ಕೈಗೆ ಹೋಗುವಂತೆ ಮಾಡಿರಲಿಲ್ಲ.

ಹಬ್ಬ ಮುಗಿದ ಮೇಲೆ ಸಭೆಯಲ್ಲಿ ಚರ್ಚಿಸಿ ಮೂರು ನಿಯಮ ಮಾಡಿಕೊಂಡರು, ಎರಡನೆಯದು ಅವರದೇ ಆಲೋಚನೆ. ಮೊದಲನೆಯದು, ಪಂಚು ಪೆಟ್ಟಿಗೆಯೊಳಗೇ ಇರಬೇಕು, ಮೂರು ಬೀಗದ ಹಿಂದೆ. ಎರಡನೆಯದು, ಸಭೆ ನಡೆಸುವವರನ್ನು ಚೀಟಿ ಎತ್ತಿ ಆರಿಸಬೇಕು, ಕೀಲಿ ಹಿಡಿದವರ ಚೀಟಿ ಆ ವಾರ ಹಾಕುವಂತಿಲ್ಲ. ಉಳಿದವರ ಚೀಟಿ ಎತ್ತಿ, ಯಾರ ಗುರುತು ಬಂತೋ ಅವರೇ ಅಂದಿನ ಸಭೆ ನಡೆಸಿ ಪಂಚು ಒತ್ತಬೇಕು. ಚೀಟಿಯಲ್ಲಿ ಹೆಸರಿನ ಬದಲು ಅವರವರು ಮಾರುವ ವಸ್ತುವಿನ ಚಿತ್ರ. ಇಬ್ಬರು ಟೊಮೆಟೊದವರ ಪೈಕಿ ಒಬ್ಬರು ಹಸಿಮೆಣಸಿನಕಾಯಿಗೆ ಬದಲಾಗಲು ಒಪ್ಪಿದರು. ಮೂರನೆಯದು, ಸಭೆಯ ಮೊದಲಲ್ಲೂ ಕೊನೆಯಲ್ಲೂ ಪೆಟ್ಟಿಗೆಯ ಶಿಲ್ಕನ್ನು ಎಲ್ಲರೂ ಒಟ್ಟಿಗೆ ಗಟ್ಟಿಯಾಗಿ ಹೇಳುವುದು.

ಕಳೆದ ಸೋಮವಾರ ಅಧ್ಯಕ್ಷೆ ಮಗಳ ಬಾಣಂತನಕ್ಕೆ ಅರಸೀಕೆರೆಗೆ ಹೋಗಿದ್ದರು. ಚೀಟಿಯಲ್ಲಿ ಕನಕಾಂಬರ ಬಂತು. ಆಕೆ ಎದ್ದು ಓಡಲು ನೋಡಿದರು, ಪಕ್ಕದವರು ಸೆರಗು ಹಿಡಿದು ಕೂರಿಸಿದರು. ಆರಂಭದ ಶಿಲ್ಕು 11,400 ಎಂದು ಹದಿನೇಳು ಬಾಯಿಗಳು ಹೇಳಿದವು, ಎಣಿಸಿದರೆ ಅಷ್ಟೇ ಇತ್ತು. 61 ತೂತು, ಅಂದರೆ 3,050. ಸಾಲದ ಕಂತು ಮತ್ತು ಬಡ್ಡಿ 2,610. ಕೊಟ್ಟ ಸಾಲ ತಲಾ 4,000ದಂತೆ ಎರಡು. ಒಬ್ಬರು ಸಾಲ ಹೆಚ್ಚಿಸಲು ಹಟ ಹಿಡಿದಾಗ ಹೂವಿನವರು, ಮಾರು ಅಳೆಯುವಾಗ ಚೌಕಾಸಿ ಮಾಡುವ ಗಿರಾಕಿಗೆ ಹೇಳುವ ಧಾಟಿಯಲ್ಲೇ, "ಇದ್ರೆ ಕೊಡ್ತಿದ್ವಲ್ಲ, ಹೋಗಮ್ಮ" ಎಂದರು. ನಾನು ನೆಲ ನೋಡುತ್ತ ಕುಳಿತಿದ್ದೆ. ಕೊನೆಯ ಎಣಿಕೆ ಎರಡು ಸಲ ನಡೆದು 9,060ಕ್ಕೆ ನಿಂತಿತು.

ಬುಧವಾರ ಅಧ್ಯಕ್ಷೆ ಮರಳಿದರು. ತಾವಿಲ್ಲದೆ ಸಭೆ ನಡೆದದ್ದನ್ನು ಕೇಳಿ ಅವರ ಮುಖ ಸಣ್ಣಗಾದದ್ದನ್ನು ಬರೆಯದೆ ಹೋದರೆ ಈ ಟಿಪ್ಪಣಿ ಸುಳ್ಳಾಗುತ್ತದೆ. ಮೂರು ವರ್ಷದ ರಾತ್ರಿಗಳನ್ನು ಪುಸ್ತಕಕ್ಕೆ ಕೊಟ್ಟವರು ಅವರು. ಅವರನ್ನು ಆ ಜಾಗದಲ್ಲಿ ಕೂರಿಸಿದ್ದೂ ನಾನೇ, ಅಲ್ಲಿಂದ ಬಿಡಿಸಲು ಇಷ್ಟೆಲ್ಲ ಸಾಮಾನು ಕೊಂಡದ್ದೂ ನಾನೇ. ಅಧ್ಯಕ್ಷೆ ತುಸು ಹೊತ್ತು ಸುಮ್ಮನಿದ್ದು, ಕನಕಾಂಬರದವರ ಕಾರ್ಡು ತೆಗೆದುಕೊಂಡು ಬೆರಳಾಡಿಸಿ, "ಸಾಲು ಬಿಟ್ಟು ಒತ್ತಿದ್ದಾಳೆ, ಮುಂದಿನ ವಾರ ನಾನು ಪಕ್ಕದಲ್ಲಿ ಕೂತ್ಕೋತೀನಿ" ಎಂದರು. ಪಕ್ಕದಲ್ಲಿ ಕೂರುವುದು ಮತ್ತೆ ಮುಖ ನೋಡುವ ಅಭ್ಯಾಸಕ್ಕೆ ದಾರಿಯಾದೀತೇ ಎಂಬ ಅಳುಕು ನನಗಿದೆ. ಎರಡು ಸಾಲು ಹಿಂದೆ ಕೂರುವಂತೆ ಕೇಳಿಕೊಂಡಿದ್ದೇನೆ.

ಈ ನಡುವೆ ತಲೆ ಆಗಲೇ ಮುಂದಿನ ಕೆಲಸಕ್ಕೆ ಓಡಿದೆ. ಪಟ್ಟಣ ವ್ಯಾಪಾರ ಸಮಿತಿಯ ಅಣಕು ಸಭೆ ನಡೆಸಬೇಕು. ಆಯುಕ್ತರ ಪಾತ್ರಕ್ಕೆ ಕಂಡಕ್ಟರ್ ಅಣ್ಣ ಒಪ್ಪಿದ್ದಾರೆ, ಗದರಿಸುವ ಅನುಭವ ಅವರಿಗಿದೆ. ಇನ್ನೊಂದು, ಸಂಘದ ಹೆಸರಿನಲ್ಲಿ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಹಾಕಿಸಿದ ಒಂದು ಎಲೆಕ್ಟ್ರಾನಿಕ್ ತಕ್ಕಡಿ. ವರ್ಷಕ್ಕೊಮ್ಮೆ ಪರಿಶೀಲನೆಗೆ ಹದಿನೆಂಟು ಜನ ಬೇರೆ ಬೇರೆಯಾಗಿ ಅಲೆಯುವ ಬದಲು ಒಂದೇ ದಿನ ಎಲ್ಲ ತಕ್ಕಡಿಗಳನ್ನೂ ಗಾಡಿಯಲ್ಲಿ ಹೇರಿಕೊಂಡು ಹೋಗಬಹುದೇ ಎಂದು ವಿಚಾರಿಸುತ್ತಿದ್ದೇನೆ. ಮಾಡಿ ನೋಡಿದವರಿದ್ದರೆ ತಿಳಿಸಿ. ಅದಕ್ಕೂ ಮೊದಲು ಹೊಸ ತ್ರೈಮಾಸಿಕಕ್ಕೆ 20 ಕಾರ್ಡು ಬೇಕು, ಮೀನಿನ ಸಾಲಿನಿಂದ ಇಬ್ಬರು ಹೊಸದಾಗಿ ಸೇರುತ್ತಿದ್ದಾರೆ. ಅವರ ಕೈ ಸೊಪ್ಪಿನವರ ಕೈಗಿಂತಲೂ ಒದ್ದೆ. ಮುದ್ರಣದವರು ಸೋಮವಾರ ಕೊಡುವುದಾಗಿ ಹೇಳಿದ್ದಾರೆ. ಯಾವ ಸೋಮವಾರ ಎಂದು ಕೇಳಲು ಮರೆತೆ.