ಮಳೆ ಲೆಕ್ಕದ ಡೇಟಾಬೇಸ್: ಭಾರದ ಕ್ವೆರಿಗಳನ್ನು ಪತ್ತೆ ಹಚ್ಚಿದ ಹಂತ

ಮೂಡಿಗೆರೆ, ಕೊಪ್ಪ ಮತ್ತು ಬಾಳೆಹೊನ್ನೂರಿನ ಸುತ್ತಲಿನ ಕಾಫಿ ಬೆಳೆಗಾರರು ಇಂಚು-ಸೆಂಟಿನ ಲೆಕ್ಕದಲ್ಲಿ ಡೈರಿಗಳಲ್ಲಿ ಬರೆದಿಟ್ಟ ದಿನದಿನದ ಮಳೆಯ ಅಂಕಿಗಳನ್ನು ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಸೇರಿಸುವ ಕೆಲಸ ಬಹುಮಟ್ಟಿಗೆ ಮುಗಿದಿದೆ. ದಾಖಲೆಗಳು ಹೆಚ್ಚಿದಂತೆ ಅವನ್ನು ತೋರಿಸುವ ವೆಬ್ ಪುಟ ತೆರೆಯುವುದು ನಿಧಾನವಾಗತೊಡಗಿತು. ಜೋರು ಮಳೆಯಾದ ಮರುದಿನ ಬೆಳಿಗ್ಗೆ, ಅಕ್ಕಪಕ್ಕದ ತೋಟಗಳಿಗೆ ಎಷ್ಟು ಬಿತ್ತೆಂದು ಎಲ್ಲರೂ ಒಟ್ಟಿಗೆ ನೋಡುವ ಹೊತ್ತಿನಲ್ಲಿ, ಬಾಡಿಗೆಯ ಸಣ್ಣ ಸರ್ವರ್‌ನ ಡಿಸ್ಕಿಗೆ ಬಿಡುವೇ ಇರುತ್ತಿರಲಿಲ್ಲ. ಆದ್ದರಿಂದ ಹೊಸ ಪುಟಗಳನ್ನು ಬದಿಗಿಟ್ಟು, ಈ ಹಂತವನ್ನು ಭಾರದ ಕ್ವೆರಿಗಳ (ಡೇಟಾಬೇಸಿನಿಂದ ಮಾಹಿತಿ ಕೇಳುವ ಆದೇಶಗಳಲ್ಲಿ ಸರ್ವರ್‌ಗೆ ಹೆಚ್ಚು ಹೊರೆಯಾಗುವಂಥವುಗಳ) ಹುಡುಕಾಟಕ್ಕೆ ಮೀಸಲಿಟ್ಟೆ.

ಮೊದಲ ಅನುಮಾನ ಹೋಗಿದ್ದು ವಾರ್ಷಿಕ ಹೋಲಿಕೆಯ ವರದಿಯ ಮೇಲೆ. ಅದು ತೆರೆದುಕೊಳ್ಳಲು ಹಲವು ಸೆಕೆಂಡು ಹಿಡಿಯುತ್ತದೆ. ‘ಲಾಗ್_ಮಿನ್_ಡ್ಯುರೇಷನ್_ಸ್ಟೇಟ್‌ಮೆಂಟ್’ ಎಂಬ ಸೆಟ್ಟಿಂಗ್‌ಗೆ ಅರ್ಧ ಸೆಕೆಂಡಿನ ಮಿತಿ ಕೊಟ್ಟು, ಅದನ್ನು ಮೀರುವ ಕ್ವೆರಿಗಳನ್ನು ಲಾಗ್ ಎಂಬ ದಾಖಲೆಯಲ್ಲಿ ಬರೆಯಿಸಿದಾಗ ಅಲ್ಲಿ ಕಾಣಿಸಿದ್ದೂ ಆ ವರದಿ ಮಾತ್ರ. ಆದರೆ ಆ ಲಾಗ್ ಒಂದೊಂದು ಓಟದ ಅವಧಿಯನ್ನಷ್ಟೇ ನೋಡುತ್ತದೆ. ಕೆಲವೇ ಮಿಲಿಸೆಕೆಂಡಿನಲ್ಲಿ ಮುಗಿದು ದಿನವಿಡೀ ಮತ್ತೆ ಮತ್ತೆ ಓಡುವ ಕ್ವೆರಿ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಒಟ್ಟು ಭಾರವನ್ನು ಅಳೆಯಲು ‘ಪಿಜಿ_ಸ್ಟ್ಯಾಟ್_ಸ್ಟೇಟ್‌ಮೆಂಟ್ಸ್’ ಎಂಬ ಎಕ್ಸ್‌ಟೆನ್ಷನ್ (ಪೋಸ್ಟ್‌ಗ್ರೆಸ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ಭಾಗ) ಬೇಕು. ಇದನ್ನು ಸರ್ವರ್ ಆರಂಭವಾಗುವಾಗಲೇ ಲೋಡ್ ಆಗುವ ಲೈಬ್ರರಿಗಳ ಪಟ್ಟಿಗೆ ಸೇರಿಸಿ, ಡೇಟಾಬೇಸನ್ನು ಒಮ್ಮೆ ರೀಸ್ಟಾರ್ಟ್ ಮಾಡಿ, ನಂತರ ಎಕ್ಸ್‌ಟೆನ್ಷನ್ ರಚಿಸಬೇಕು. ಇದು ಕ್ವೆರಿಯೊಳಗಿನ ತೋಟದ ಸಂಖ್ಯೆ, ದಿನಾಂಕ ಮುಂತಾದ ಮೌಲ್ಯಗಳನ್ನು ಬದಿಗಿರಿಸಿ ಒಂದೇ ರೂಪದ ಕ್ವೆರಿಗಳನ್ನೆಲ್ಲ ಒಂದೇ ಸಾಲಿಗೆ ಕೂಡಿಸುತ್ತದೆ. ಎಷ್ಟು ಸಲ ಓಡಿತು, ಒಟ್ಟು ಎಷ್ಟು ಸಮಯ ತೆಗೆದುಕೊಂಡಿತು, ಎಷ್ಟು ಬ್ಲಾಕ್‌ಗಳನ್ನು (ಒಮ್ಮೆಗೆ ಓದುವ ಮಾಹಿತಿಯ ತುಂಡುಗಳನ್ನು) ಓದಿತು ಎಂಬುದನ್ನು ಜತೆಗೇ ತೋರಿಸುತ್ತದೆ. ಒಟ್ಟು ಸಮಯದ ಕಾಲಮ್‌ನ ಹೆಸರು 13ನೇ ಆವೃತ್ತಿಯಲ್ಲಿ ‘ಟೋಟಲ್_ಎಕ್ಸೆಕ್_ಟೈಮ್’ ಎಂದು ಬದಲಾಗಿರುವುದರಿಂದ, ಹಳೆಯ ಲೇಖನಗಳಲ್ಲಿರುವ ಕ್ವೆರಿಗಳು ಈಗ ಹಾಗೆಯೇ ಓಡುವುದಿಲ್ಲ.

ಒಟ್ಟು ಸಮಯದ ಇಳಿಕೆಯ ಕ್ರಮದಲ್ಲಿ ಜೋಡಿಸಿದಾಗ ಮೇಲಕ್ಕೆ ಬಂದಿದ್ದು ವಾರ್ಷಿಕ ವರದಿಯಲ್ಲ, ಮುಖಪುಟದಲ್ಲಿ ಪ್ರತಿ ತೋಟದ ಇತ್ತೀಚಿನ ಮಳೆಯನ್ನು ತರುವ ಎರಡು ಸಾಲಿನ ಕ್ವೆರಿ. ಯಾರೇ ಪುಟ ತೆರೆದರೂ ಅದು ತೋಟಕ್ಕೊಂದರಂತೆ ಓಡುತ್ತಿತ್ತು. ‘ಎಕ್ಸ್‌ಪ್ಲೇನ್ ಅನಲೈಜ್’ ಆದೇಶಕ್ಕೆ ‘ಬಫರ್ಸ್’ ಆಯ್ಕೆ ಸೇರಿಸಿ ಅದರ ಪ್ಲಾನ್ (ಡೇಟಾಬೇಸ್ ಅದನ್ನು ಓಡಿಸುವ ಬಗೆ) ನೋಡಿದಾಗ ಕಾರಣ ನಿಚ್ಚಳವಾಯಿತು: ‘ಸೀಕ್ವೆನ್ಷಿಯಲ್ ಸ್ಕ್ಯಾನ್’, ಅದರ ಕೆಳಗೆ ಫಿಲ್ಟರ್ ಕೈಬಿಟ್ಟ ಸಾಲುಗಳ ದೊಡ್ಡ ಸಂಖ್ಯೆ. ಒಂದು ತೋಟದ ಒಂದೇ ಸಾಲಿಗಾಗಿ ಎಲ್ಲ ತೋಟಗಳ ಎಲ್ಲ ವರ್ಷಗಳ ಮಳೆಯನ್ನೂ, ತಲಾ 8 ಕಿಲೋಬೈಟಿನ ಬ್ಲಾಕ್‌ಗಳಲ್ಲಿ, ಪ್ರತಿ ಸಲವೂ ಓದಲಾಗುತ್ತಿತ್ತು. ಪ್ರತಿ ಸಾಲನ್ನು ಗುರುತಿಸುವ ಪ್ರೈಮರಿ ಕೀಗೆ ಪೋಸ್ಟ್‌ಗ್ರೆಸ್ ತಾನೇ ಇಂಡೆಕ್ಸ್ (ಬೇಕಾದ ಸಾಲನ್ನು ಬೇಗ ಹುಡುಕುವ ಸೂಚಿ) ಕಟ್ಟಿಕೊಳ್ಳುತ್ತದೆ, ಆದರೆ ತೋಟದ ಸಂಖ್ಯೆಯಂತೆ ಬೇರೆ ಟೇಬಲಿನ ಸಾಲನ್ನು ಸೂಚಿಸುವ ಫಾರಿನ್ ಕೀ ಇರುವ ಕಾಲಮ್‌ಗೆ ಕಟ್ಟುವುದಿಲ್ಲ. ಇದನ್ನು ಪ್ರತಿ ಹೊಸ ಟೇಬಲ್ ರಚಿಸುವಾಗಲೂ ನೆನಪಿಡಬೇಕು. ಅಂದ ಹಾಗೆ, ‘ಅನಲೈಜ್’ ಸೇರಿಸಿದರೆ ಕ್ವೆರಿ ನಿಜವಾಗಿಯೂ ಓಡುತ್ತದೆ. ಅಳಿಸುವ ಅಥವಾ ತಿದ್ದುವ ಕ್ವೆರಿಯನ್ನು ಹೀಗೆ ಪರೀಕ್ಷಿಸುವವರು ಅದನ್ನು ಟ್ರಾನ್ಸಾಕ್ಷನ್ (ಒಟ್ಟಾಗಿ ಉಳಿಸುವ ಅಥವಾ ರದ್ದು ಮಾಡುವ ಕೆಲಸಗಳ ಗುಂಪು) ಒಳಗಿಟ್ಟು ಕೊನೆಗೆ ರೋಲ್‌ಬ್ಯಾಕ್ ಮಾಡಿ ರದ್ದುಗೊಳಿಸಲೇಬೇಕು.

ತೋಟ ಮತ್ತು ದಿನಾಂಕ ಎರಡನ್ನೂ ಸೇರಿಸಿ ಇಂಡೆಕ್ಸ್ ಕಟ್ಟಿದೆ. ‘ಕನ್‌ಕರೆಂಟ್ಲಿ’ ಎಂದು ಕೊಟ್ಟಿದ್ದರಿಂದ ಆ ಹೊತ್ತಿನಲ್ಲೂ ಬೆಳೆಗಾರರು ಅಂಕಿ ದಾಖಲಿಸುವುದಕ್ಕೆ ತಡೆಯಾಗಲಿಲ್ಲ. ತೋಟಕ್ಕೊಂದರಂತೆ ಹೋಗುತ್ತಿದ್ದ ಕರೆಗಳನ್ನು ‘ಲ್ಯಾಟರಲ್’ ಜಾಯಿನ್ (ಟೇಬಲ್‌ಗಳನ್ನು ಜೋಡಿಸುವ ಒಂದು ವಿಧಾನ) ಮೂಲಕ ಒಂದೇ ಕ್ವೆರಿಗೆ ತಂದ ಮೇಲೆ ಅದು ಪಟ್ಟಿಯ ತುದಿಯಿಂದ ಬಹಳ ಕೆಳಕ್ಕೆ ಇಳಿಯಿತು. ಬೆಳಗಿನ ಹೊತ್ತಿನ ಡಿಸ್ಕ್ ಓದು ತಕ್ಷಣವೇ ಕಡಿಮೆಯಾಗಿದ್ದನ್ನು ಕಂಡು ಬಹಳ ಸಂತೋಷವಾಯಿತು.

ವಾರ್ಷಿಕ ವರದಿಯ ಸಮಸ್ಯೆ ಬೇರೆ. ಅದರ ಸಾರ್ಟ್ (ಸಾಲುಗಳನ್ನು ಕ್ರಮಕ್ಕೆ ಜೋಡಿಸುವುದು), 4 ಮೆಗಾಬೈಟಿನ ಡೀಫಾಲ್ಟ್ ‘ವರ್ಕ್_ಮೆಮ್’ ಎಂಬ ಮೆಮೊರಿ ಮಿತಿಯೊಳಗೆ ಹಿಡಿಸದೆ ಡಿಸ್ಕಿನ ತಾತ್ಕಾಲಿಕ ಫೈಲುಗಳಿಗೆ ಚೆಲ್ಲುತ್ತಿತ್ತು. ಈ ಮಿತಿ ಇಡೀ ಸರ್ವರ್‌ಗೆ ಒಂದಲ್ಲ, ಪ್ರತಿ ಸಾರ್ಟಿಗೂ ಪ್ರತಿ ಹ್ಯಾಶಿಗೂ (ಹೊಂದುವ ಸಾಲುಗಳನ್ನು ಬೇಗ ಹುಡುಕಲು ಮೆಮೊರಿಯಲ್ಲಿ ಕಟ್ಟುವ ಪಟ್ಟಿಗೂ) ಪ್ರತ್ಯೇಕ. ಎಲ್ಲರಿಗೂ ಏರಿಸಿದರೆ ಸಣ್ಣ ಸರ್ವರ್‌ನ ಮೆಮೊರಿ ಬೇಗ ಬರಿದಾಗುತ್ತದೆ. ಹಾಗಾಗಿ ‘ಸೆಟ್ ಲೋಕಲ್’ ಬಳಸಿ ಆ ವರದಿಯ ಟ್ರಾನ್ಸಾಕ್ಷನ್ನಿಗೆ ಮಾತ್ರ ಏರಿಸಿದ್ದೇನೆ.

ಉಳಿದಿರುವುದು ನಕ್ಷತ್ರವಾರು ಲೆಕ್ಕ. ಪುನರ್ವಸು, ಪುಷ್ಯ, ಆಶ್ಲೇಷ ಮಳೆಗಳು ಎಷ್ಟು ಸುರಿದವೆಂದು ಕೇಳುವವರು ಬಹಳ. ನಕ್ಷತ್ರದ ಆರಂಭ ಮತ್ತು ಅಂತ್ಯದ ದಿನಾಂಕಗಳ ನಡುವೆ ಬೀಳುವ ದಿನಗಳನ್ನು ಹುಡುಕುವ ಈ ಜಾಯಿನ್‌ನಲ್ಲಿ ಸಮಾನತೆಯ ಷರತ್ತು ಇಲ್ಲದ ಕಾರಣ ಹ್ಯಾಶ್ ಜಾಯಿನ್ ಸಾಧ್ಯವಿಲ್ಲ, ಒಂದು ಕಡೆಯ ಪ್ರತಿ ಸಾಲಿಗೂ ಇನ್ನೊಂದು ಕಡೆ ಹುಡುಕುವ ನೆಸ್ಟೆಡ್ ಲೂಪ್ ತಪ್ಪುವುದಿಲ್ಲ. ಮಳೆಯ ಪ್ರತಿ ಸಾಲಿನಲ್ಲೂ ನಕ್ಷತ್ರದ ಸಂಖ್ಯೆಯನ್ನು ಮೊದಲೇ ಬರೆದಿಡುವ ಕಾಲಮ್ ಸೇರಿಸುವುದು ಮುಂದಿನ ಕೆಲಸ; ಅದರ ಪರಿಣಾಮವನ್ನು ಸರಿಯಾಗಿ ಅಳೆಯಲು ಎಕ್ಸ್‌ಟೆನ್ಷನ್‌ನ ಹಳೆಯ ಎಣಿಕೆಯನ್ನೆಲ್ಲ ಸೊನ್ನೆಗೆ ತಂದಿದ್ದೇನೆ.