ನನ್ನ ಡಯಟ್ ಚೀಟಿಯಲ್ಲಿ ಇಲ್ಲದಿದ್ದ ಕಾಲಂ

ಆಸ್ಪತ್ರೆಯಲ್ಲಿ ಡಯಟಿಷಿಯನ್ ಆಗಿ ಸೇರಿದ ಹೊಸದರಲ್ಲಿ 'ಆಹಾರವೇ ಔಷಧ' ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದೆ. ಆ ಮಾತನ್ನು ಪೂರ್ತಿ ನಂಬಿದ್ದವರು ಒಬ್ಬ ಪೇಷಂಟ್. ನಾನಂತೂ ನಂಬಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು.

ಐವತ್ತು ದಾಟಿದ ಹೆಂಗಸು, ಎಂಟು ವರ್ಷದ ಸಕ್ಕರೆ ಕಾಯಿಲೆ. ಬರೆದುಕೊಟ್ಟಿದ್ದರಲ್ಲಿ ಜನ ಅರ್ಧ ಪಾಲಿಸಿದರೆ ಹೆಚ್ಚು ಎಂಬ ಲೆಕ್ಕದಲ್ಲಿ ನಾನು ಸ್ವಲ್ಪ ಬಿಗಿಯಾಗಿಯೇ ಬರೆಯುತ್ತಿದ್ದೆ: ಅನ್ನ-ಮುದ್ದೆಯಂಥ ಪಿಷ್ಟ ಅರ್ಧಕ್ಕರ್ಧ ಕಮ್ಮಿ, ಅರ್ಧ ತಟ್ಟೆ ತರಕಾರಿ, ಸಂಜೆ ತಿಂಡಿ ಬಂದ್. ಆಕೆ ಅಕ್ಷರ ಬಿಡದೆ ಪಾಲಿಸಿದರು. ಹತ್ತನೇ ದಿನ ಸಂಜೆ ಫೋನ್ ಬಂತು.

"ಮೇಡಂ, ಕೈ ನಡುಗ್ತಿದೆ, ಮೈಯೆಲ್ಲ ಬೆವರು. ನಿಮ್ಮ ಡಯಟ್ ನಂಗೆ ಒಗ್ತಿಲ್ಲ ಅನ್ಸುತ್ತೆ."

ಮೀಟರಿನಲ್ಲಿ ನೋಡಿ ಅಂದೆ. 58. ಸಕ್ಕರೆ 70ಕ್ಕಿಂತ ಕೆಳಗಿಳಿದರೇ ಅಪಾಯ. ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಈಗಲೇ ಕುಡಿಯಿರಿ ಅಂದರೆ, "ಸಕ್ಕರೆ ಮುಟ್ಟಲೇಬೇಡಿ ಅಂದೋರು ನೀವೇ ಅಲ್ವಾ?" ಅಂದರು. ಹದಿನೈದು ನಿಮಿಷ ಫೋನ್ ಇಡಲಿಲ್ಲ. ಮತ್ತೆ ನೋಡಿದಾಗ 84.

ಡಯಟ್ ಒಗ್ಗದೆ ಹೀಗಾಗಿದ್ದಲ್ಲ, ಚೆನ್ನಾಗಿ ಒಗ್ಗಿಯೇ ಹೀಗಾಗಿದ್ದು. ಆಕೆ ನುಂಗುತ್ತಿದ್ದ ಗ್ಲಿಮೆಪಿರೈಡ್ ಮಾತ್ರೆ, ಊಟ ಕಮ್ಮಿಯಾಗಿದೆಯೋ ಇಲ್ಲವೋ ನೋಡುವುದಿಲ್ಲ. ಮೇದೋಜೀರಕವನ್ನು ಹಿಂಡಿ ಇನ್ಸುಲಿನ್ ಬಿಡಿಸುತ್ತದೆ. ಹಾಗೆ ಹಿಂಡದ ಇನ್ನೊಂದು ಸಕ್ಕರೆ ಮಾತ್ರೆ ಮೆಟ್‌ಫಾರ್ಮಿನ್ ಒಂದೇ ಇದ್ದಿದ್ದರೆ ಬಹುಶಃ ಇಷ್ಟು ಇಳಿಯುತ್ತಿರಲಿಲ್ಲ. ಮಾತ್ರೆಗಳ ಹೆಸರು ಫೈಲಿನ ಮೊದಲ ಪುಟದಲ್ಲೇ ಇತ್ತು. ನಾನು ತೂಕ, ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಎರಡೇ ನೋಡಿ ಪುಟ ತಿರುವಿದ್ದೆ. ಡಾಕ್ಟರಿಗೆ ಒಂದು ಮಾತು ತಿಳಿಸಿರಲೂ ಇಲ್ಲ.

2017ರಲ್ಲಿ ಪ್ರಕಟವಾದ ಬ್ರಿಟನ್ನಿನ ಡೈರೆಕ್ಟ್ ಅಧ್ಯಯನದ ಬಗ್ಗೆ ನಾನೇ ಎಷ್ಟೋ ಜನರಿಗೆ ಹೇಳಿದ್ದೆ: ದಿನಕ್ಕೆ ಸುಮಾರು 850 ಕ್ಯಾಲೊರಿಯ ಆಹಾರಕ್ರಮದಿಂದ ಶುರುಮಾಡಿ, ಒಂದು ವರ್ಷದ ಹೊತ್ತಿಗೆ 46% ಜನರ ಟೈಪ್ 2 ಮಧುಮೇಹ ಹತೋಟಿಗೆ ಬಂತು, ಅದೂ ಮಾತ್ರೆ ಇಲ್ಲದೆ. ಆದರೆ ಅಲ್ಲಿ ಸಕ್ಕರೆ, ಬಿಪಿ ಎರಡರ ಮಾತ್ರೆಗಳನ್ನೂ ಮೊದಲ ದಿನವೇ ವೈದ್ಯರು ನಿಲ್ಲಿಸಿದ್ದರು. ಅದನ್ನೂ ಓದಿದ್ದೆ, ಹೇಳುವಾಗ ಬಿಟ್ಟುಬಿಡುತ್ತಿದ್ದೆ, ಕೇಳುವವರಿಗೆ ಬೇಡದ ವಿವರ ಅಂತ.

ಆಮೇಲೆ ಎಲ್ಲೆಲ್ಲೂ ಇದೇ ಕಾಣತೊಡಗಿತು. ಬಿಪಿಗೆ ಒಳ್ಳೆಯದೆಂದು ಕಡಿಮೆ ಸೋಡಿಯಂ ಉಪ್ಪು ಬಳಸುವವರನ್ನು ಕಿಡ್ನಿ ರಿಪೋರ್ಟ್ ಕೇಳದೆ ಮೆಚ್ಚಿಕೊಳ್ಳಬಾರದು. ಆ ಉಪ್ಪಿನಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಇರುತ್ತದೆ, ಸೋತ ಕಿಡ್ನಿ ಅದನ್ನು ಹೊರಹಾಕಲಾರದೆ ಹೃದಯದ ಬಡಿತವೇ ತಪ್ಪಬಹುದು. ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪು ಬಿಡಬೇಕಿಲ್ಲ, ಆದರೆ ಒಂದು ವಾರ ಬುಟ್ಟಿಗಟ್ಟಲೆ, ಇನ್ನೊಂದು ವಾರ ಸೊನ್ನೆ ಅಂತಾದರೆ ರಕ್ತ ತೆಳುವಾಗಿಸುವ ಲೆಕ್ಕವೇ ಕೆಡುತ್ತದೆ.

ಮೂರು ತಿಂಗಳ ನಂತರ ಆಕೆ ಬಂದಾಗ ಎಚ್‌ಬಿಎ1ಸಿ 8.6ರಿಂದ 7.1ಕ್ಕೆ ಇಳಿದಿತ್ತು. ಗ್ಲಿಮೆಪಿರೈಡನ್ನು ಡಾಕ್ಟರು ಆ ಫೋನಿನ ಮರುದಿನವೇ ನಿಲ್ಲಿಸಿದ್ದರು. ಆಕೆ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು. ಪ್ರತಿ ಪುಟದಲ್ಲೂ ಸ್ಕೇಲ್ ಹಿಡಿದು ಎಳೆದ ಮೂರು ಕಾಲಂ: ಊಟ, ಮಾತ್ರೆ, ಮೀಟರ್.

ಈಗ ನಾನು ಕೊಡುವ ಚೀಟಿಯಲ್ಲೂ ಅವೇ ಮೂರು ಕಾಲಂ ಇವೆ. ಆಕೆಯದನ್ನೇ ಕಾಪಿ ಹೊಡೆದದ್ದು.